ಅಡಿಬರಹ

"ಅಜ್ಜ, ಈ ಅಂಗಿ ಆಗಲ್ಲ. ಬೇರೆ ಯಾವುದಾದ್ರೂ ಹಾಕ್ಕೊಂಡು ಬರ್ತೀರಾ?" ಬಾಗಿಲಲ್ಲಿ ನಿಂತೇ ಕೇಳಿದಳು ಟಿ.ವಿ.ಯ ಹುಡುಗಿ ಚಿಯೂ.

ಲಿಯಾವ್ ಕಿಮ್‌ಸಾನ್ ಬಗ್ಗಿ ತನ್ನ ಎದೆಯನ್ನು ನೋಡಿಕೊಂಡ. ಕಂದು ಬಟ್ಟೆಯ ಮೇಲೆ ಹಳದಿ ಬಳ್ಳಿ ಹಬ್ಬಿದ ಜಾವಾದ ಬಾಟಿಕ್ ಅಂಗಿ. ಬೆಳಿಗ್ಗೆ ಮಗಳ ಬೆನ್ನು ಹತ್ತಿ ಇಸ್ತ್ರಿ ಮಾಡಿಸಿಕೊಂಡಿದ್ದ. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಗಸಿ ಕೆಳಗಿಳಿದ ಕಪ್ಪು ಕಾಫಿ, ಪಕ್ಕದಲ್ಲಿ ಪದರು ಪದರಾದ ಅಕ್ಕಿಹಿಟ್ಟಿನ ಸಿಹಿ, ಕುರ್ಚಿಗೆ ಒರಗಿಸಿಟ್ಟ, ಅಲ್ಲಾಡಿಸಿ ನುಡಿಸುವ ಬಿದಿರಿನ ಗಿಲಕಿ. ಎಂಬತ್ತಮೂರರ ಮುದುಕ ಮದುವಣಿಗನ ಹಾಗೆ ಸಿದ್ಧನಾಗಿ ಕೂತಿದ್ದ.

"ಯಾಕಮ್ಮ? ಹೋದ ಸಲ ಇದನ್ನೇ ಹಾಕ್ಕೊಳ್ಳಿ ಅಂದ್ರಲ್ಲ?"

"ಅದು ನಾವಲ್ಲ ಅಜ್ಜ, ಟೂರಿಸಂನವರು. ನಾವು ಜಿಲ್ಲೆಯ ವಾಹಿನಿಯವರು. ಈ ಅಂಗೀಲಿ ನೀವು ಹೊರದೇಶದವರ ಥರ ಕಾಣ್ತೀರಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯೆನ್‌ಫಾಂಗ್ ಹಣೆ ಚಚ್ಚಿಕೊಂಡಳು. ಬಡಕೊಂಡಿದ್ದಳು ಅವಳು, ಇವತ್ತು ಬರೋದು ಜಿಲ್ಲೆಯವರು, ಬೂದುಬಣ್ಣದ ಕೋಟು ತೆಗೆದಿಟ್ಟಿದ್ದೀನಿ ಎಂದು. ಅಪ್ಪನಿಗೆ ಕಿವಿ ಇದ್ದರೆ ತಾನೇ. ಕ್ಯಾಮೆರಾ ಎಂಬ ಒಂದು ಪದ ಕಿವಿಗೆ ಬಿದ್ದರೆ ಉಳಿದ ಪದಗಳೆಲ್ಲ ಅವನಿಗೆ ಬೇಡ.

ಈ ಚಹಾ ತೋಟದಲ್ಲಿ ಎಪ್ಪತ್ತು ದಾಟಿದ ಯಾರ ಮನೆಗೆ ಹೋದರೂ ಎರಡು ವೇಷ ಸಿಗುತ್ತವೆ. ಟೂರಿಸಂನವರು ಬಂದರೆ ಬಾಟಿಕ್ಕು, ಕಾಫಿ, ಬಿದಿರಿನ ಗಿಲಕಿ: ಬನ್ನಿ, ಹಡಗು ಹತ್ತದೆ ಜಾವಾ ನೋಡಿ. ರಾಷ್ಟ್ರೀಯ ದಿನ ಹತ್ತಿರ ಬಂದಾಗ ಜಿಲ್ಲೆಯ ವಾಹಿನಿಯವರು ಬಂದರೆ ಬೂದು ಕೋಟು, ಚಹಾದ ಕುಡಿಕೆ, ಎದೆಗೊಂದು ಕೆಂಪು ಬಿಲ್ಲೆ: ಅರವತ್ತು ವರ್ಷವಾದರೂ ಅಲುಗದ ಹೃದಯ. ಜಾವಾದಲ್ಲಿದ್ದಾಗ ಇವರೆಲ್ಲ ಚೀನಾದವರು. ಹಡಗಿಳಿದು ಚೀನಾದ ಈ ಗುಡ್ಡಕ್ಕೆ ಬಂದ ಮೇಲೆ ಸುತ್ತಲಿನ ಹಳ್ಳಿಯವರ ಬಾಯಲ್ಲಿ ಜಾವಾ ಪಿಶಾಚಿಗಳು. ಈಗ ಕ್ಯಾಮೆರಾ ಬಂದಂತೆ ಅದಲು ಬದಲು. ಬಯಲಾಟದವರಿಗಾದರೂ ವೇಷ ಕಳಚಿದ ಮೇಲೆ ಕೂಲಿ ಸಿಗುತ್ತದೆ, ಇವರಿಗೆ ಸಿಗುವುದು ಒಂದು ಕ್ಯಾಲೆಂಡರು. ಯೆನ್‌ಫಾಂಗ್ ಹುಟ್ಟಿದ್ದು ಇದೇ ತೋಟದಲ್ಲಿ, ದುಡಿದು ನಿವೃತ್ತಳಾದದ್ದು ಇದೇ ತೋಟದ ಚಹಾ ಕಾರ್ಖಾನೆಯಲ್ಲಿ. ಅವಳನ್ನು ನೀನು ಯಾರು ಎಂದು ಯಾರೂ ಕೇಳಿಲ್ಲ. ಕೇಳಿದ್ದರೆ ಇಸ್ತ್ರಿ ಮಾಡುವವಳು ಎನ್ನುತ್ತಿದ್ದಳೋ ಏನೋ.

ಅಪ್ಪ ಅಂಗಿ ಬದಲಾಯಿಸಲು ಒಳಗೆ ಹೋದ. ಚಿಯೂ ಕಾಫಿ ಲೋಟವನ್ನು ಎತ್ತಿ ಯೆನ್‌ಫಾಂಗ್‌ಳ ಕೈಗೆ ಕೊಟ್ಟಳು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ಕಣ್ಣ ಕೆಳಗೆ ಕಪ್ಪು, ನಿದ್ದೆ ಕಂಡು ಎಷ್ಟು ದಿನವಾಯಿತೋ.

"ಬೇಜಾರು ಮಾಡ್ಕೋಬೇಡಿ ಆಂಟಿ. ಮಧ್ಯಾಹ್ನ ಇನ್ನೊಂದು ಮನೆ ಇದೆ, ಸಾಯಂಕಾಲದೊಳಗೆ ಕಳಿಸ್ದೆ ಇದ್ರೆ ನಮ್ಮ ಮುಖ್ಯಸ್ಥರು ಬಿಡಲ್ಲ. ಅಜ್ಜಿ ಎಲ್ಲಿ? ಈ ಸಲ ಅಜ್ಜೀನೂ ಮಾತಾಡ್ಬೇಕು."

"ಅಮ್ಮ ಮಾತಾಡಲ್ಲ."

"ಹೋದ ವರ್ಷ ಮಾತಾಡಿದ್ರಲ್ಲ?"

"ಅದಕ್ಕೇ ಮಾತಾಡಲ್ಲ," ಎಂದಳು ಯೆನ್‌ಫಾಂಗ್. ದನಿ ತಾನಂದುಕೊಂಡದ್ದಕ್ಕಿಂತ ಗಡುಸಾಗಿತ್ತು. ಹುಡುಗಿ ಸುಮ್ಮನೆ ತನ್ನ ಫೋನು ನೋಡತೊಡಗಿದಳು.

ಹೋದ ವರ್ಷ ಬಂದವನು ಬೇರೆಯವನು, ಕನ್ನಡಕದ ಒಬ್ಬ ಯುವಕ. ಅಮ್ಮನನ್ನು ಚಹಾ ಗಿಡಗಳ ಮಧ್ಯೆ ನಿಲ್ಲಿಸಿ, ಜಾವಾದಲ್ಲಿ ಹೇಗಿತ್ತು ಎಂದು ಕೇಳಿದ್ದ. ಅಮ್ಮ ತನ್ನ ಜಾವಾ ಕಡೆಯ ಮಾತಿನಲ್ಲೇ, "ಕೊನೆಗೊನೆಗೆ ಕಷ್ಟ ಆಯ್ತಪ್ಪ" ಎಂದಿದ್ದಳು. ಅಷ್ಟೇ. ಟಿ.ವಿ.ಯಲ್ಲಿ ಬಂದಾಗ ಅಮ್ಮನ ಬಾಯಿ ಆಡುತ್ತಿತ್ತು, ಮೇಲೆ ಯಾವುದೋ ಹೆಂಗಸಿನ ದನಿ ಗದ್ಗದಿಸುತ್ತಿತ್ತು, ಕೆಳಗೆ ದಪ್ಪ ಅಕ್ಷರದಲ್ಲಿ ಅಡಿಬರಹ: ಅಲ್ಲಿ ನಮ್ಮದು ನಾಯಿಗಿಂತ ಕೀಳು ಬಾಳಾಗಿತ್ತು.

ಅಮ್ಮನಿಗೆ, ಅಂದರೆ ನಿಯೋಗೆ, ಜಾವಾದಲ್ಲಿ ಒಬ್ಬಳು ಅಕ್ಕ ಇದ್ದಾಳೆ, ಲಾನಿ. ಅರವತ್ತನೇ ಇಸವಿಯಲ್ಲಿ ಎಲ್ಲರೂ ಹಡಗು ಹತ್ತಿದಾಗ ಅವಳೊಬ್ಬಳು ಹತ್ತಲಿಲ್ಲ. ಅವಳ ಗಂಡನಿಗೆ ಅಲ್ಲಿಯ ಪೌರತ್ವ ಇತ್ತು. ಸುಕಬೂಮಿಯ ಹತ್ತಿರ ತನ್ನಪ್ಪನ ಮನೆಯನ್ನು ಇಟ್ಟುಕೊಂಡು ಅಲ್ಲೇ ಉಳಿದಳು. ಆಮೇಲೆ ಎರಡು ದೇಶಕ್ಕೂ ಕೆಟ್ಟು, ಇಪ್ಪತ್ತು ಚಿಲ್ಲರೆ ವರ್ಷ ಒಂದು ಕಾಗದ ಇಲ್ಲ, ಸತ್ತಳೋ ಬದುಕಿದಳೋ ಗೊತ್ತಿಲ್ಲ. ದಾರಿ ತೆರೆದ ಮೇಲೆ ಲಾನಿ ಒಮ್ಮೆ ಬಂದು ನಾಲ್ಕು ದಿನ ಇದ್ದು ಹೋಗಿದ್ದಳು. ಫೋನಿನಲ್ಲಿ ಮುಖ ನೋಡುವ ಕಾಲ ಬಂದ ಮೇಲೆ ಪ್ರತಿ ಭಾನುವಾರ ಅಕ್ಕತಂಗಿಯರ ಹಬ್ಬ. ಇವಳ ಒಲೆಯ ಮೇಲೆ ಏನಿದೆ ಎಂದು ಅವಳಿಗೆ ಗೊತ್ತು, ಅವಳ ಸೊಸೆ ಯಾವ ಪಾತ್ರೆ ಒಡೆದಳು ಎಂದು ಇವಳಿಗೆ ಗೊತ್ತು. ಹಾಗಿರುವಾಗ ಈ ನಾಯಿಯ ಮಾತು ಹೋಗಿ ಅಲ್ಲಿ ಬಿತ್ತು. ಲಾನಿಗೆ ಚೀನೀ ಕಲಿತ ಮೊಮ್ಮಗನೊಬ್ಬ ಇದ್ದಾನಲ್ಲ, ಅಡಿಬರಹ ಓದಿ ಅಜ್ಜಿಗೆ ಅರ್ಥ ಹೇಳಿದ.

ಆ ಭಾನುವಾರ ಲಾನಿ ಒಂದೇ ಮಾತು ಕೇಳಿದಳು. "ನಾನು ಎಂಬತ್ತು ವರ್ಷದಿಂದ ಇರೋದು ನಾಯಿಗೂಡಲ್ಲೇನೇ, ನಿಯೋ?" ಫೋನು ಇಟ್ಟುಬಿಟ್ಟಳು. ಮತ್ತೆ ಎತ್ತಲಿಲ್ಲ. ಅಮ್ಮ ಫೋನಿನಲ್ಲಿ ಮಾತಾಡಿ ಕಳಿಸಿದ ಸಂದೇಶಗಳನ್ನು ಕೇಳಲಿಲ್ಲ. ಯೆನ್‌ಫಾಂಗ್ ಆ ಮೊಮ್ಮಗನಿಗೆ ಎಲ್ಲ ವಿವರಿಸಿ ಬರೆದಳು, ಅವನೂ ಪಾಪ ಹೇಳಿ ನೋಡಿದನಂತೆ. "ಅಜ್ಜಿ ಹತ್ರ ನಿಮ್ಮ ಹೆಸರು ಎತ್ತಿದ್ರೆ ಗೋಡೆ ಕಡೆ ತಿರುಗ್ತಾರೆ. ಆದ್ರೆ ನಿಮ್ಮ ತೋಟದ ವಿಡಿಯೋ ಬಂದಿದೆ ಅಂದ್ರೆ ಮಾತ್ರ ಎದ್ದು ಕೂತು ನೋಡ್ತಾರೆ, ಈ ಸಲ ಇನ್ನೇನು ಬೊಗಳಿದ್ದಾರೆ ಅಂತ," ಎಂದು ಬರೆದಿದ್ದ. ಯೆನ್‌ಫಾಂಗ್ ಅದನ್ನು ಅಮ್ಮನಿಗೆ ಓದಿ ಹೇಳಿದ್ದಳು. ಓದಬಾರದಿತ್ತೇನೋ. ಅಮ್ಮ ಅವತ್ತು ಊಟ ಮಾಡಲಿಲ್ಲ.

ಲಾನಿಗೆ ಈಗ ಎಂಬತ್ತಾರು. ಅವಳು ಮುನಿಸಿಕೊಂಡೇ ಹೋಗಿಬಿಟ್ಟರೆ ಅಮ್ಮನ ಗತಿ ಏನು ಎಂದು ಯೆನ್‌ಫಾಂಗ್ ಯೋಚಿಸದ ದಿನವಿಲ್ಲ. ಈ ಮನೆಗೆ ಇನ್ನು ಕ್ಯಾಮೆರಾ ಕಾಲಿಡಬಾರದು ಎಂದು ಅವಳು ಗೆರೆ ಕೊರೆದಂತೆ ಹೇಳಿದ್ದಳು. ಅಪ್ಪ ಅವಳಿಗೆ ತಿಳಿಸದೆ ಹೂಂ ಅಂದುಬಿಟ್ಟಿದ್ದ.

ಅಪ್ಪ ಬೂದು ಕೋಟಿನಲ್ಲಿ ಹೊರಬಂದು ಕುರ್ಚಿಯಲ್ಲಿ ಕೂತ. ಕೆಂಪು ಬಿಲ್ಲೆ ಎದೆಯ ಮೇಲಿತ್ತು. ಕ್ಯಾಮೆರಾದವನು ಬೆಳಕು ಸರಿಮಾಡಿ ಬೆರಳೆತ್ತಿದ್ದೇ ತಡ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಶುರುಮಾಡಿದ.

"ಆಗ ನನಗೆ ಹತ್ತೊಂಬತ್ತು. ರಾತ್ರಿ ಬಾಗಿಲು ಹಾಕ್ಕೊಂಡು ರೇಡಿಯೋ ಹಚ್ತಿದ್ವಿ. ಪೀಕಿಂಗಿನ ದನಿ ಸಮುದ್ರ ದಾಟಿ ಬರೋದು. ಮಕ್ಕಳೇ ಬನ್ನಿ, ತಾಯಿ ಕಾಯ್ತಾ ಇದ್ದಾಳೆ. ಆ ದನಿ ಕೇಳಿ ನಮ್ಮ ಬೀದಿಗೆ ಬೀದಿಯೇ ಅಳ್ತಿತ್ತು."

ಹೋದ ವರ್ಷ ಅತ್ತದ್ದು ಅವನ ಮನೆಯವರು ಮಾತ್ರ. ಅದರ ಹಿಂದಿನ ವರ್ಷ ಅವನೊಬ್ಬನೇ. ಈಗ ಬೀದಿಗೆ ಬೀದಿ. ಬದುಕಿದ್ದರೆ ಮುಂದಿನ ವರ್ಷ ಜಾವಾ ದ್ವೀಪವೇ ಅಳಬಹುದು. ಯೆನ್‌ಫಾಂಗ್ ಚಿಕ್ಕವಳಿದ್ದಾಗ ಇದೇ ಅಪ್ಪ ಚಹಾ ಕತ್ತರಿಸುವ ಕತ್ತಿ ಮಸೆಯುತ್ತ ಹೇಳಿದ್ದ ಕತೆ ಬೇರೆ: ಹಳ್ಳಿಯಲ್ಲಿ ಚೀನೀಯರು ಅಂಗಡಿ ಇಡಬಾರದು ಎಂದು ಸರ್ಕಾರ ಬೀಗ ಹಾಕಿಸಿತು, ಸ್ನೇಹಿತರೆಲ್ಲ ಹಡಗು ಹತ್ತುತ್ತಿದ್ದರು, ಓದಿಸುತ್ತಾರಂತೆ ಎಂದರು, ಹೊರಟುಬಂದೆ. ರೇಡಿಯೋ ಇತ್ತೇ ಎಂದು ಕೇಳಿದರೆ, ಇತ್ತು ಅನ್ನಿಸುತ್ತೆ, ಪಕ್ಕದ ಮನೆಯಲ್ಲಿ, ಎಂದಿದ್ದ. ಈಗ ಅವನಿಗೆ ಆ ಕತೆ ನೆನಪಿದೆಯೋ ಇಲ್ಲವೋ. ಹೇಳಿ ಹೇಳಿ ಇದೇ ನಿಜವಾಗಿ ಹೋಗಿರಬೇಕು. ಅಳುವ ಜಾಗ ಬಂದಾಗ ಅವನ ಕಣ್ಣಲ್ಲಿ ನೀರು ಬರುವುದಂತೂ ಸುಳ್ಳಲ್ಲ.

ಅವನು ಯಾರು ಕರೆದರೂ ಯಾಕೆ ಓಡುತ್ತಾನೆ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಅವಳು ತೊಟ್ಟಿಲಲ್ಲಿದ್ದ ಕಾಲದಲ್ಲಿ ಕಾರ್ಖಾನೆಯ ಕಂಬದ ಮೇಲಿನ ಧ್ವನಿವರ್ಧಕ ಮೂರು ಹೊತ್ತೂ ಅವನ ಹೆಸರು ಕೂಗುತ್ತಿತ್ತಂತೆ: ಲಿಯಾವ್ ಕಿಮ್‌ಸಾನ್, ಹೊರದೇಶದಲ್ಲಿ ನೆಂಟರಿರುವವನು, ಗೂಢಚಾರ. ನೆಂಟರೆಂದರೆ ಇನ್ಯಾರು, ಲಾನಿ. ಕೊರಳಿಗೆ ಹಲಗೆ ಕಟ್ಟಿಸಿಕೊಂಡು ಇದೇ ಬೀದಿಯಲ್ಲಿ ನಡೆದವನು ಅವನು. ಈಗ ಅದೇ ಕಂಬ ದೇಶಪ್ರೇಮಿ ಲಿಯಾವ್ ಎನ್ನುತ್ತದೆ. ಒಮ್ಮೆ ಹಾಗೆ ಬೈಸಿಕೊಂಡವನಿಗೆ ಹೊಗಳಿಕೆ ಎಷ್ಟಾದರೂ ಸಾಲದು, ನಾಳೆ ಎಲ್ಲಿ ಮತ್ತೆ ತಿರುಗೀತೋ ಎಂಬ ಭಯ. ಇದೆಲ್ಲ ಗೊತ್ತು. ಗೊತ್ತಿದ್ದರೂ ಸಿಟ್ಟು ಬರುತ್ತದೆ. ಇವನ ಭಯಕ್ಕೆ ಅಮ್ಮನ ಭಾನುವಾರಗಳು ಹೋದವಲ್ಲ.

ಅಪ್ಪನ ಮಾತು ಮುಗಿದಾಗ ಒಳಕೋಣೆಯ ಬಾಗಿಲು ತೆರೆಯಿತು. ಅಮ್ಮ ತಲೆ ಬಾಚಿ ತುರುಬು ಕಟ್ಟಿ, ಅಳತೆ ತಪ್ಪದ ನೀಲಿ ಕುಪ್ಪಸ ಹಾಕಿಕೊಂಡು ನಿಂತಿದ್ದಳು. ಮದುವೆಗೆ ಹೊರಟರೂ ಇಷ್ಟು ಜತನದಿಂದ ತಲೆ ಬಾಚದವಳು.

"ನಾನೂ ಮಾತಾಡ್ತೀನಿ," ಎಂದಳು.

"ಅಮ್ಮ, ನಿನಗೇನಾದ್ರೂ ಬುದ್ಧಿ ಇದೆಯಾ? ಒಳಗೆ ಹೋಗು." ಯೆನ್‌ಫಾಂಗ್ ಅವಳ ತೋಳು ಹಿಡಿದು ಅಡುಗೆಮನೆಗೆ ಎಳೆದಳು. "ಮತ್ತೆ ಏನಾದ್ರೂ ಬರ್ಕೋತಾರೆ. ಇದ್ದಿದ್ದೂ ಹೋಗುತ್ತೆ."

"ಇದು ಫೋನಲ್ಲಿ ಬರುತ್ತೆ ತಾನೇ? ಅಲ್ಲೀವರೆಗೂ ಹೋಗುತ್ತೆ ತಾನೇ?"

"ಹೋಗುತ್ತೆ. ಅದೇ ಕರ್ಮ."

"ಮತ್ತೆ? ಬಿಡು ಕೈ."

ಯೆನ್‌ಫಾಂಗ್ ಇನ್ನೇನೋ ಹೇಳುವಷ್ಟರಲ್ಲಿ ಚಿಯೂ ಸಂಭ್ರಮದಿಂದ ಬಂದು ಅಜ್ಜಿಯ ಇನ್ನೊಂದು ಕೈ ಹಿಡಿದುಕೊಂಡಾಗಿತ್ತು.

ಅಮ್ಮ ಸುಮ್ಮನೆ ಕೂತು ಮಾತಾಡುವ ಹಾಗಿರಲಿಲ್ಲ. ಕೈಗೆ ಕೆಲಸ ಬೇಕಂತೆ, ಸಹಜವಾಗಿ ಕಾಣುತ್ತದಂತೆ. ಚಿಯೂ ಚೀಲದಿಂದ ಕಟ್ಟು ಬಿಚ್ಚಿದಳು: ಅಂಗಡಿಯಿಂದ ತಂದ ಹಿಟ್ಟಿನ ಬಿಲ್ಲೆಗಳು, ಡಬ್ಬಿಯಲ್ಲಿ ಹಂದಿಮಾಂಸ ಎಲೆಕೋಸಿನ ಹೂರಣ. ಅಜ್ಜಿ ಜಿಯಾವ್‌ತ್ಸ ಕಡುಬು ಮಾಡುತ್ತ ಮಾತಾಡಬೇಕು. ಚೀನಾದ ಪ್ರತಿ ಮನೆಯ ಕಡುಬು.

"ಈ ಮನೇಲಿ ಯಾರೂ ಅದನ್ನ ಮಾಡಲ್ಲಮ್ಮ," ಎಂದಳು ಯೆನ್‌ಫಾಂಗ್. "ಈ ಜಿಲ್ಲೇಲೇ ಯಾರು ಮಾಡ್ತಾರೆ? ಉತ್ತರದವರ ತಿಂಡಿ ಅದು. ನಿಮ್ಮನೇಲಿ ಹೊಸ ವರ್ಷಕ್ಕೆ ಏನ್ ಮಾಡ್ತಾರೆ?"

"ಅಕ್ಕಿ ರೊಟ್ಟಿ," ಎಂದು ಹುಡುಗಿ ಒಪ್ಪಿಕೊಂಡಳು. "ಆದ್ರೆ ಟಿ.ವಿ.ಲಿ ಕಡುಬೇ ಇರ್ಬೇಕು ಆಂಟಿ. ರಾಜಧಾನಿಯವರೂ ನೋಡ್ತಾರೆ."

ಅಮ್ಮ ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟು ಹೂರಣ ತುಂಬಿ ಮಡಿಸಿದಳು. ಅವಳ ಬೆರಳಿಗೆ ಗೊತ್ತಿದ್ದುದು ಒಂದೇ ಮಡಿಕೆ, ಜಾವಾದಲ್ಲಿ ಎಣ್ಣೆಯಲ್ಲಿ ಕರಿಯುವ ತಿಂಡಿಯದು. ನಮ್ಮ ಕರಜಿಕಾಯಿಯ ಅಂಚಿನ ಹಾಗೆ ಹುರಿ ಹೊಸೆದಂತೆ ಸುತ್ತಿ ತಟ್ಟೆಗಿಟ್ಟಳು. ಬಲು ಚೆಂದವಾಗಿತ್ತು.

"ಹೀಗಲ್ಲ ಅಜ್ಜಿ. ಅಂಚು ಸುಮ್ಮನೆ ಒತ್ತಬೇಕು. ನೋಡಿ." ಚಿಯೂ ಮಾಡಿ ತೋರಿಸಲು ಹೋದಳು. ಅವಳಿಗೂ ಬರುತ್ತಿರಲಿಲ್ಲ. ಹೂರಣ ಅಂಗೈಗೆಲ್ಲ ಸೋರಿತು. ಕೊನೆಗೆ ಫೋನಿನಲ್ಲಿ ಯಾರೋ ಮಾಡುವುದನ್ನು ಹುಡುಕಿ ಮೇಜಿಗೆ ಒರಗಿಸಿಟ್ಟರು. ಮೂವರೂ ಅದನ್ನು ನೋಡುತ್ತ ತಮ್ಮ ಪ್ರಾಚೀನ ಕಡುಬನ್ನು ಕಲಿತರು. ಕ್ಯಾಮೆರಾದವನು ಗೋಡೆಗೆ ತಲೆಯಾನಿಸಿ ಆಕಳಿಸಿದ.

ಆಮೇಲೆ ಮಾತು. ಅಮ್ಮನ ಸಾಲು ಬರೆದೇ ತಂದಿದ್ದರು. ಹಡಗಿನಿಂದ ಇಳಿದ ದಿನವೇ ನಾನು ನಿಜವಾಗಿ ಹುಟ್ಟಿದ್ದು, ಅಂದಿನಿಂದ ಹಿಂತಿರುಗಿ ನೋಡಿಲ್ಲ. ಅಮ್ಮ ತನ್ನ ಒಡಕು ಚೀನೀಯಲ್ಲಿ ಹೇಳಿದಳು. ಉಚ್ಚಾರ ಸರಿಯಾಗಲಿಲ್ಲ. ಮತ್ತೊಮ್ಮೆ. ಕಡುಬು ಕೈಜಾರಿತು. ಮತ್ತೊಮ್ಮೆ. ಹೊರಗೆ ಮೋಟಾರುಬೈಕು ಹೋಯಿತು. ಮತ್ತೊಮ್ಮೆ. ಹಿಂತಿರುಗಿ ನೋಡಿಲ್ಲ ಎಂಬಲ್ಲಿಗೆ ಬಂದಾಗಲೆಲ್ಲ ಅಮ್ಮನಿಗೆ ಮಾತು ಮರೆಯುತ್ತಿತ್ತು. ಮರೆಯುತ್ತಿತ್ತೋ, ಮರೆತಂತೆ ಮಾಡುತ್ತಿದ್ದಳೋ, ಯೆನ್‌ಫಾಂಗ್‌ಗೆ ಗೊತ್ತಾಗಲಿಲ್ಲ. ಅವಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಒಂದು ಸುಳ್ಳನ್ನು ಸರಿಯಾಗಿ ಹೇಳಿಸಲು ಇಷ್ಟು ಜನ ಬೆವರಬೇಕೇ.

"ಹೋಗ್ಲಿ ಅಜ್ಜಿ," ಚಿಯೂ ಹಣೆ ಒತ್ತಿಕೊಂಡಳು. "ಬರೆದಿದ್ದು ಬಿಡಿ. ಬಂದ ದಿನ ನಿಮಗೇನು ಅನ್ನಿಸ್ತೋ ಅದನ್ನೇ ಹೇಳಿ. ಮನಸ್ಸಿಂದ."

ಅಮ್ಮ ಕೈಯಲ್ಲಿದ್ದುದನ್ನು ತಟ್ಟೆಗಿಟ್ಟಳು. ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ನೋಡಬೇಡಿ ಎಂದು ನೂರು ಸಲ ಹೇಳಿದ್ದ ಆ ಕ್ಯಾಮೆರಾದ ಕಣ್ಣನ್ನೇ ನೆಟ್ಟಗೆ ನೋಡಿದಳು. ತನ್ನ ಮಾತಿನಲ್ಲಿ, ಭಾನುವಾರದ ಮಾತಿನಲ್ಲಿ, ನಿಧಾನವಾಗಿ ಹೇಳಿದಳು:

"ಅಕ್ಕಾ, ನಾನು ನಿಯೋ. ಹೋದ ವರ್ಷ ನಾಯಿ ಅಂತ ನಾನು ಹೇಳ್ಲಿಲ್ಲ ಕಣೇ. ಅದು ಇವರು ಹಾಕಿದ್ದು. ನಮ್ಮಪ್ಪನ ಮನೆ ಚೆನ್ನಾಗಿತ್ತು. ನಾನು ದಿನಾ ಅಲ್ಲಿಗೆ ಹೋಗಿ ಬರ್ತೀನಿ, ಕಣ್ಣು ಮುಚ್ಕೊಂಡು. ಅವತ್ತು ಹಡಗು ಹೊರಟಾಗ ನೀನು ಕಾಣೋವರೆಗೂ ನೋಡ್ದೆ. ಕೋಪ ಇದ್ರೆ ಬೈಯಿ. ಆದ್ರೆ ಫೋನ್ ಎತ್ತು. ನಮಗೆ ಇನ್ನೆಷ್ಟು ದಿನ ಇದೆ?"

ಗೋಡೆಗೆ ಒರಗಿದ್ದ ಕ್ಯಾಮೆರಾದವನು ನೆಟ್ಟಗೆ ನಿಂತಿದ್ದ. ಚಿಯೂಳ ಕಣ್ಣು ತುಂಬಿತ್ತು. ಒಂದು ಪದ ಅರ್ಥವಾಗದಿದ್ದರೂ.

"ಆಂಟಿ, ಅಜ್ಜಿ ಏನಂದ್ರು?"

ಹೇಳಿದ್ದನ್ನು ಹೇಳಿದ ಹಾಗೆ ತಿಳಿಸಿದರೆ ಇದು ಇಲ್ಲೇ ಅಳಿಸಿಹೋಗುತ್ತದೆ. ಪಾಪದ ಹುಡುಗಿ, ಬೇಕೆಂದರೂ ಇದನ್ನು ಉಳಿಸಲಾರಳು. ಬೆಳಗಿನಿಂದ ಸುಳ್ಳು ಕೇಳಿ ಕೇಳಿ ಕುದಿಯುತ್ತಿದ್ದ ಯೆನ್‌ಫಾಂಗ್‌ಗೆ ಈಗ ಬೇಕಾದದ್ದು ಇನ್ನೊಂದು ಸುಳ್ಳು, ಅದೂ ಎಲ್ಲಕ್ಕಿಂತ ದಪ್ಪನೆಯದು. ಅಪ್ಪನಿಂದ ವರ್ಷಾನುವರ್ಷ ಕಿವಿಗೆ ಬಿದ್ದದ್ದು ಆಪತ್ತಿಗೆ ಒದಗಿ ಬಂತು.

"ಅಮ್ಮ ಹೇಳ್ತಿರೋದು," ಎಂದಳು, "ಹಡಗು ದಡಕ್ಕೆ ಬಂದಾಗ ಅವಳು ಕೈ ಮುಗಿದು ಕೇಳ್ಕೊಂಡ್ಳಂತೆ. ತಾಯೀ, ನಾನು ಬಂದೆ. ಇಷ್ಟು ವರ್ಷ ದೂರ ಇದ್ದಿದ್ದಕ್ಕೆ ಕೋಪ ಇದ್ರೆ ಬೈಯಿ. ಆದ್ರೆ ನನ್ನನ್ನ ಮಡಿಲಿಗೆ ತಗೋ. ಹಾಗಂತ."

ಚಿಯೂ ಬರೆದುಕೊಂಡಳು. ಮೂಗು ಒರೆಸಿಕೊಂಡಳು. ಆಮೇಲೆ ಪೆನ್ನು ಎತ್ತಿ ಅಪ್ಪನ ಕಡೆ ತಿರುಗಿದಳು.

"ಅಜ್ಜ, ನಿಮಗೂ ಆ ಭಾಷೆ ಬರುತ್ತಲ್ಲ. ಬೇರೆ ಭಾಷೆಯ ಅಡಿಬರಹಕ್ಕೆ ಇಬ್ಬರು ಹೌದು ಅನ್ಬೇಕು, ನಮ್ಮಲ್ಲಿ ರೂಲ್ಸು. ಅಜ್ಜಿ ಅಂದಿದ್ದು ಇದೇ ತಾನೇ?"

ಅಪ್ಪನನ್ನು ಯೆನ್‌ಫಾಂಗ್ ಮರೆತೇಬಿಟ್ಟಿದ್ದಳು. ಅವನು ಕುರ್ಚಿಯಲ್ಲಿ ಕೂತು ಎದೆಯ ಬಿಲ್ಲೆಯನ್ನು ಬೆರಳಿನಿಂದ ಸವರುತ್ತಿದ್ದ. ಹೆಂಡತಿಯನ್ನು ನೋಡಲಿಲ್ಲ, ಮಗಳನ್ನು ನೋಡಲಿಲ್ಲ. ಲಾನಿಯ ಹೆಸರಿನಿಂದ ಒಮ್ಮೆ ಕೊರಳಿಗೆ ಹಲಗೆ ಕಟ್ಟಿಸಿಕೊಂಡವನು, ಇವತ್ತು ಟಿ.ವಿ.ಯವರ ಎದುರು ಸುಳ್ಳಿಗೆ ಸಾಕ್ಷಿ ನಿಲ್ಲಬೇಕಿತ್ತು. ಗಂಟಲು ಸರಿಮಾಡಿಕೊಂಡ.

"ಹೌದು," ಎಂದ. "ಅದೇ."

ಆಮೇಲೆ ಅವನೊಳಗಿನ ಕಲಾವಿದ ತಡೆಯದೆ ಎದ್ದ. "ನನ್ನ ಮಗಳು ಒಂದು ಮಾತು ಬಿಟ್ಟಳು. ಈ ಮಣ್ಣನ್ನ ಕಣ್ಣಿಗೊತ್ತಿಕೊಂಡೆ ಅಂತಾನೂ ಅಂದಳು. ಅದನ್ನೂ ಬರ್ಕೋ."

"ಬರ್ಕೊಂಡೆ ಅಜ್ಜ."

"ಮತ್ತೆ ಇನ್ನೊಂದು. ಹೋದ ವರ್ಷ ಇವಳ ದನಿ ಅಳಿಸಿ ಯಾರದೋ ದನಿ ಹಾಕಿದ್ರಿ. ಈ ಸಲ ಹಾಗೆ ಮಾಡ್ಬೇಡಿ. ಅವಳ ದನಿ ಅವಳದೇ ಇರ್ಲಿ. ಆಗ್ಲೇ ನೋಡಿದವರ ಕಣ್ಣಲ್ಲಿ ನೀರು ಬರೋದು. ನಾನು ಇಷ್ಟು ವರ್ಷ ಮಾಡಿದ್ದೀನಿ, ನನಗೆ ಗೊತ್ತು. ಕೆಳಗೆ ಏನ್ ಬೇಕಾದ್ರೂ ಬರ್ಕೊಳ್ಳಿ."

ಚಿಯೂ ಮುಖ್ಯಸ್ಥರನ್ನು ಕೇಳಬೇಕು ಎಂದಳು. ಕೇಳಿ ಹೇಳುತ್ತೇನೆ ಎಂದಳು. ತಂತಿ ಸುತ್ತಿಕೊಂಡು, ಕಡುಬಿನ ತಟ್ಟೆಯನ್ನು ಇಲ್ಲೇ ಬಿಟ್ಟು, ಒಂದು ಕ್ಯಾಲೆಂಡರು ಕೊಟ್ಟು ಹೊರಟರು.

ಅವರ ವ್ಯಾನು ತಿರುವು ದಾಟಿತು. ಅಪ್ಪ ಕೋಟಿನ ಗುಂಡಿ ಬಿಚ್ಚುತ್ತ ಗೊಣಗಿದ. "ರೇಡಿಯೋ ಕತೇನೂ ಕೇಳ್ತಾಳಲ್ಲ ಅವಳು, ನಿನ್ನಕ್ಕ. ಉಗೀತಾಳೆ ನನಗೆ."

"ಉಗೀಲಿ," ಎಂದಳು ಅಮ್ಮ. "ಪಕ್ಕದ ಮನೆ ರೇಡಿಯೋ. ಅದೂ ಕೆಟ್ಟಿತ್ತು."

ಆ ವಾರವೆಲ್ಲ ಯೆನ್‌ಫಾಂಗ್ ಚಿಯೂಗೆ ಫೋನು ಮಾಡಿ ಮಾಡಿ ಸಾಕಾದಳು. ಮೊದಲು ಮುಖ್ಯಸ್ಥರು ಊರಲ್ಲಿಲ್ಲ. ಆಮೇಲೆ ನೋಡಿದ್ದಾರೆ, ಅಜ್ಜಿ ಕ್ಯಾಮೆರಾ ನೋಡಿದ್ದು ಸರಿಯಿಲ್ಲ ಅಂತಾರೆ. ಆಮೇಲೆ, ಇಲ್ಲ, ಅದೇ ಚೆನ್ನಾಗಿದೆಯಂತೆ, ಆದರೆ ಬೇರೆ ದನಿ ಹಾಕೋಣ ಅಂತಾರೆ. ಕೊನೆಗೆ ಹುಡುಗಿ ಫೋನೆತ್ತುವುದನ್ನೇ ಬಿಟ್ಟಳು. ಯೆನ್‌ಫಾಂಗ್ ಅಮ್ಮನ ಮೇಲೆ ರೇಗಿದಳು, ಅಪ್ಪನ ಮೇಲೆ ರೇಗಿದಳು, ಯಾರೂ ತಿನ್ನದ ಆ ಕಡುಬುಗಳನ್ನು ಕೋಳಿಗೆ ಹಾಕಿದಳು.

ರಾಷ್ಟ್ರೀಯ ದಿನದ ಹಿಂದಿನ ಸಂಜೆ ತೋಟದ ಫೋನ್ ಗುಂಪಿನಲ್ಲಿ ವಿಡಿಯೋ ಬಂತು. ಮೊದಲು ಬಾವುಟ, ಚಹಾ ಗುಡ್ಡ, ಅಪ್ಪನ ರೇಡಿಯೋ. ಆಮೇಲೆ ಅಮ್ಮನ ಮುಖ. ಪಿಟೀಲು ಜೋರಾಗಿ ಎದ್ದಿತು. ಯೆನ್‌ಫಾಂಗ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಪಿಟೀಲಿನ ಕೆಳಗೆ, ಬಾವಿಯ ಆಳದಿಂದ ಬಂದ ಹಾಗೆ, ಅಮ್ಮನದೇ ದನಿ ಇತ್ತು. ಅಕ್ಕಾ, ನಾನು ನಿಯೋ. ನಡುವೆ ಒಂದೆರಡು ಮಾತು ಸಂಗೀತದಲ್ಲಿ ಮುಳುಗಿದವು. ಫೋನ್ ಎತ್ತು ಎಂಬುದು ಸ್ಪಷ್ಟವಾಗಿ ಕೇಳಿಸಿತು. ಕೆಳಗೆ ದಪ್ಪ ಬಿಳಿ ಅಕ್ಷರಗಳು ತಾಯಿಯ ಮಡಿಲಿನ ಬಗ್ಗೆ, ಕಣ್ಣಿಗೊತ್ತಿಕೊಂಡ ಮಣ್ಣಿನ ಬಗ್ಗೆ ಹೇಳುತ್ತ ಹೋದವು.

ಆಗ ಯೆನ್‌ಫಾಂಗ್‌ಗೆ ಧಸಕ್ಕೆಂದಿತು. ತೋಟದ ಮುದುಕ ಮುದುಕಿಯರೆಲ್ಲ ಜಾವಾದಿಂದ ಬಂದವರೇ ಅಲ್ಲವೇ. ಅಮ್ಮ ಆಡಿದ ಪ್ರತಿ ಮಾತೂ ಅವರಿಗೆ ಗೊತ್ತಾಗಿರುತ್ತದೆ. ಗುಂಪಿನಲ್ಲಿ ಒಂದು ಕೆಂಪು ಹೃದಯ ಬಿತ್ತು. ಇನ್ನೊಂದು. ಆಮೇಲೆ ಸಾಲಾಗಿ ಹೃದಯಗಳೇ. ಒಬ್ಬರೂ ಒಂದು ಮಾತು ಬರೆಯಲಿಲ್ಲ. ಪಕ್ಕದ ಮನೆಯ ಸೂನ್ ಅಜ್ಜಿ ಒಂದು ಬೊಗಸೆ ಹಸಿಮೆಣಸಿನಕಾಯಿ ತಂದು ಮೇಜಿನ ಮೇಲೆ ಸುರಿದು, "ಚೆನ್ನಾಗಿ ಹೇಳಿದೆ ನಿಯೋ," ಎಂದಷ್ಟೇ ಹೇಳಿ ಹೋದಳು.

ತೋಟದ ಕಾರ್ಯದರ್ಶಿ ಹೊರ ಜಿಲ್ಲೆಯವನು, ಆ ಭಾಷೆ ತಿಳಿಯದು. ಅವನಿಗೆ ಎಷ್ಟು ಹೆಮ್ಮೆಯಾಯಿತೆಂದರೆ ಚೌಕದ ದೊಡ್ಡ ಪರದೆಯಲ್ಲಿ ಅದನ್ನು ಹಾಕಿಸಿದ. ದಿನಾ ಸಂಜೆ ಅಲ್ಲಿ ಹೆಂಗಸರ ಕುಣಿತ ಮುಗಿದ ಕೂಡಲೇ ಮನೆಯಷ್ಟೆತ್ತರದ ಅಮ್ಮ ಬಂದು, ಇಡೀ ತೋಟಕ್ಕೆ ಕೇಳುವಂತೆ ಅಕ್ಕನನ್ನು ಕರೆಯುತ್ತಿದ್ದಳು. ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಕಾರ್ಯದರ್ಶಿಯೂ ಒರೆಸಿಕೊಳ್ಳುತ್ತಿದ್ದ. ಯೆನ್‌ಫಾಂಗ್ ಆ ಹೊತ್ತಿಗೆ ಚೌಕದ ಕಡೆ ಹೋಗುವುದನ್ನೇ ಬಿಟ್ಟಳು. ಕೇಳಿಸಬೇಕಾದವಳೊಬ್ಬಳಿಗೆ ಬಿಟ್ಟು ಊರಿಗೆಲ್ಲ ಕೇಳಿಸಿತಲ್ಲ ಎಂದು ಅವಳಿಗೆ ಅಳಬೇಕೆನ್ನಿಸುತ್ತಿತ್ತು. ಮೊಮ್ಮಗನಿಗೆ ವಿಡಿಯೋ ಕಳಿಸಿದ್ದಳು. ಅಜ್ಜಿ ನೋಡಿದರು, ಎಂದಷ್ಟೇ ಬರೆದ. ಏನಂದರು ಎಂದು ಕೇಳಿದರೆ, ಏನೂ ಅನ್ನಲಿಲ್ಲ, ಇನ್ನೊಂದು ಸಲ ಹಾಕು ಅಂದರು, ಎಂದ. ಒಂದು ಭಾನುವಾರ ಹೋಯಿತು. ಇನ್ನೊಂದು ಹೋಯಿತು.

ಆಮೇಲೆ ಒಂದು ದಿನ, ಭಾನುವಾರವಲ್ಲ, ಯಾವುದೋ ಒಂದು ವಾರದ ದಿನ, ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದಾಗ ಅಮ್ಮನ ಫೋನು ಕೂಗಿತು. ಯೆನ್‌ಫಾಂಗ್ ಒದ್ದೆ ಕೈಯಲ್ಲೇ ಓಡಿಬಂದು ಹಸಿರು ಗುಂಡಿ ಒತ್ತಿ ಅಮ್ಮನ ಕೈಗೆ ಕೊಟ್ಟಳು.

ಪರದೆಯಲ್ಲಿ ಮುಖ ಇರಲಿಲ್ಲ. ಲಾನಿ ಫೋನನ್ನು ಎಲ್ಲೋ ಅಂಗಾತ ಇಟ್ಟಿದ್ದಳು. ಕಾಣುತ್ತಿದ್ದುದು ಮರದ ಹಲಗೆಯ ಸೂರು, ಹೊಗೆ ಕುಡಿದು ಕಪ್ಪಾದದ್ದು, ಒಂದು ಮೂಲೆಯಲ್ಲಿ ನೀರು ಸೋರಿದ ಕಲೆ. ಎಲ್ಲೋ ಹತ್ತಿರದಲ್ಲಿ ಯಾರೋ ಉಸಿರಾಡುತ್ತಿದ್ದರು.

"ಫೋನ್ ನೆಟ್ಟಗೆ ಹಿಡ್ಕೊಳ್ಳೋಕೆ ಹೇಳಮ್ಮ. ಮುಖ ಕಾಣ್ತಿಲ್ಲ," ಎಂದು ಯೆನ್‌ಫಾಂಗ್ ಕೈ ಚಾಚಿದಳು.

ಅಮ್ಮ ಅವಳ ಕೈಯನ್ನು ಸರಿಸಿದಳು. ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಫೋನನ್ನು ಹತ್ತಿರ ತಂದುಕೊಂಡು, ತನ್ನಪ್ಪನ ಮನೆಯ ಆ ಸೂರಿನ ಹಲಗೆಗಳನ್ನು ಒಂದು ತುದಿಯಿಂದ ನೋಡತೊಡಗಿದಳು.